ತಂಗಿಯ ಉಡಿಗೆ ಖಾರದ ಬೀಜ

ಒಬ್ಬಳು ತಾಯಿ, ಅವಳಿಗೊಬ್ಬ ಮಗ, ಒಬ್ಬಳು ಮಗಳು. ತಾಯಿ ಫಕೀರವ್ವ, ಮಗಳು ನಾಗವ್ವ, ಮಗ ಅಡಿವೆಪ್ಪ. ತಾಯಿ ಜಾಣೆ, ಮಗಳು ಇನ್ನೂ ಜಾಣೆ. ಇಬ್ಬರಿಗೂ ಬುದ್ಧಿ ಹಂಚಿ ಮುಗಿಯುವ ಹೊತ್ತಿಗೆ ಅಡಿವೆಪ್ಪನ ಪಾಲಿಗೆ ಏನೂ ಉಳಿದಿರಲಿಲ್ಲ. ಆಳು ಕಟ್ಟುಮಸ್ತು, ಮನಸ್ಸು ಹಾಲಿನಂಥದು, ಹೇಳಿದ ಮಾತು ಮೀರುವವನಲ್ಲ. ಅದೇ ತೊಂದರೆ. ಹೇಳಿದ ಮಾತಿನಿಂದ ಅವನು ಗೇಣು ಆಚೆಗೂ ಹೋಗುತ್ತಿರಲಿಲ್ಲ, ಈಚೆಗೂ ಬರುತ್ತಿರಲಿಲ್ಲ.

"ಎಮ್ಮಿಗೆ ನೀರು ತೋರಿಸಿಕೊಂಡು ಬಾರಪಾ" ಎಂದರೆ ಎಮ್ಮೆಯನ್ನು ಕೆರೆಯ ತನಕ ಹೊಡೆದುಕೊಂಡು ಹೋಗುವನು. ದಂಡೆಯ ಮೇಲೆ ನಿಲ್ಲಿಸಿ, "ನೋಡು, ಅದ ನೀರು" ಎಂದು ಬೆರಳು ಮಾಡಿ ತೋರಿಸುವನು. ಹಗ್ಗ ಹಿಡಿದು ತಿರುಗಿ ಕರೆತರುವನು.

"ನನ್ನ ಹೊಟ್ಟ್ಯಾಗ ಹೆಂಗ ಹುಟ್ಟಿದ್ಯೋ ನೀನು!" ಎಂದು ಫಕೀರವ್ವ ಹಣೆ ಬಡಿದುಕೊಳ್ಳುವಳು.

"ನಾನರೆ ಏನ ಬಲ್ಲೆ ಯವ್ವಾ, ಆಗ ನಾ ಭಾಳ ಸಣ್ಣಾಂವ ಇದ್ನೆಲ್ಲ" ಎನ್ನುವನು ಅಡಿವೆಪ್ಪ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣುಮಗಳು ಗಂಡನ ಮನೆಗೆ ಹೊರಟಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲದ ಜೊತೆಗೆ ಒಂದು ಚಿಟಿಕೆ ಮೆಣಸಿನಕಾಯಿ ಬೀಜವನ್ನೂ ಹಾಕಬೇಕು. ಅದೂ ಎಂಥೆಂಥದೋ ಮೆಣಸಿನಕಾಯಿಯದಲ್ಲ. ಮುಗಿಲುಕಾಯಿ ಎಂದು ಕರೆಯುತ್ತಿದ್ದ, ಕಿರುಬೆರಳಿನ ಉಗುರಿನಷ್ಟು ಉದ್ದದ, ಮೈಯೆಲ್ಲ ಬೆಂಕಿಯಂಥ ಕಾಯಿಯದು. ಒಂದು ಹಾಕಿದರೆ ಗಡಿಗೆ ತುಂಬ ಸಾರಿಗೆ ಸಾಕು, ಎರಡು ಹಾಕಿದರೆ ಉಣ್ಣುವವರು ಎದ್ದು ಹೋಗಬೇಕು. ಆ ಬೀಜವನ್ನು ಹುಡುಗಿಯ ಅಣ್ಣನೋ ತಮ್ಮನೋ ತನ್ನ ಕೈಯಾರೆ ಬೆಳೆದು ಕೊಡಬೇಕು. ತಾಯಿ ಬಾಯಿಂದ ಹೇಳಬಹುದು, ಕೈ ಹಚ್ಚುವಂತಿಲ್ಲ. ಫಕೀರವ್ವ ಈ ಮನೆಗೆ ಬರುವಾಗ ಅವಳ ಅಣ್ಣ ಹಾಕಿದ ಬೀಜವೂ ಹೀಗೇ ಬೆಳೆದದ್ದು.

ನಾಗವ್ವನ ಮದುವೆ ಗಟ್ಟಿಯಾಯಿತು, ಬರುವ ವರ್ಷದ ಯುಗಾದಿ ಕಳೆದ ಮೇಲೆ ಲಗ್ನ. ಆದರೆ ಹಿಂದಿನ ವರ್ಷ ಮುರುಟು ರೋಗ ಬಂದು ಹಿತ್ತಲಿನ ಮುಗಿಲುಕಾಯಿ ಗಿಡಗಳೆಲ್ಲ ಎಲೆ ಮುದುಡಿಕೊಂಡು ಸತ್ತಿದ್ದವು. ಇನ್ನು ಉಳಿದದ್ದು ಫಕೀರವ್ವನ ತವರಿನಲ್ಲಿ ಒಂದೇ ಒಂದು ಮುದಿ ಗಿಡ. ಅದೂ ಇವತ್ತೋ ನಾಳೆಯೋ ಎನ್ನುವಂತಿತ್ತು. ಬೀಜ ಈ ಸಲ ತಪ್ಪಿತೆಂದರೆ ಮಗಳ ಉಡಿಗೂ ಇಲ್ಲ, ಮನೆಗೂ ಇಲ್ಲ, ಮುಂದೆ ಯಾರಿಗೂ ಇಲ್ಲ.

"ಅಡಿವೆಪ್ಪಾ, ನಿನ್ನ ಸ್ವಾದರಮಾವನ ಹಿತ್ತಲಕ್ಕ ಹೋಗಿ ಮುಗಿಲುಕಾಯಿ ತಗೊಂಡು ಬಾ."

"ಅಲ್ಲೆ ಹತ್ತು ನಮೂನಿ ಮೆಣಸಿನಕಾಯಿ ಅದಾವು ಯವ್ವಾ. ಖಾರದ್ದು ಯಾವುದು ಅಂತ ಹೆಂಗ ಗುರುತ ಹಿಡೀಲಿ?"

"ನೆಲಾ ನೋಡಿಕೋತ ಜೋತು ಬಿದ್ದದ್ದು ಸಪ್ಪಂದು. ತಲಿ ಎತ್ತಿ ಮುಗಿಲ ನೋಡೂದು ಖಾರದ್ದು. ಅದನ್ನ ತಾ."

ಅಡಿವೆಪ್ಪ ಹೋದ. ಗಿಡ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದ. ಒಂದು ಗಿಡದಲ್ಲಿ ಕೆಂಪಗೆ ಹಣ್ಣಾದ ಮೂರು ಕಾಯಿ ತಲೆ ಎತ್ತಿ ಮುಗಿಲನ್ನು ನೋಡುತ್ತಿದ್ದವು. ಕಿತ್ತು, ರುಮಾಲಿನ ಚುಂಗಿನಲ್ಲಿ ಕಟ್ಟಿಕೊಂಡು ಹೊರಟ. ಇಲ್ಲಿಯ ತನಕ ಎಲ್ಲ ಸರಿ.

ಅರ್ಧ ದಾರಿಯಲ್ಲಿ ಅನುಮಾನ ಬಂತು. ಗಂಟು ಬಿಚ್ಚಿ ನೋಡಿದ. ಕಾಯಿ ಮೂರೂ ಅಡ್ಡಡ್ಡ ಮಲಗಿದ್ದವು!

"ಅಯ್ಯೋ, ಇವು ಮುಗಿಲೂ ನೋಡವಲ್ಲವು, ನೆಲಾನೂ ನೋಡವಲ್ಲವು. ಮಲಗಿದ್ದು ಖಾರದ್ದೋ ಸಪ್ಪಂದೋ? ಅವ್ವ ಹೇಳಲೇ ಇಲ್ಲ!"

ಹಾಗಾದರೆ ತಿಂದೇ ನೋಡಬೇಕು. ಒಂದು ಕಾಯಿ ಬಾಯಿಗೆ ಹಾಕಿ ಕಚಕ್ಕನೆ ಕಚ್ಚಿದ. ಮೊದಲು ಏನೂ ಆಗಲಿಲ್ಲ. ಮುಗಿಲುಕಾಯಿಯ ಖಾರ ಹಾಗೇ, ಕದ ತಟ್ಟಿ ಬರುವುದಿಲ್ಲ. "ಇದು ಸಪ್ಪಗೈತಿ, ಇನ್ನೊಂದು ನೋಡೂಣು" ಎಂದು ಎರಡನೆಯದನ್ನೂ ಕಚ್ಚಿದ. ಆಗ ಎರಡೂ ಒಟ್ಟಿಗೆ ಹತ್ತಿದವು ನೋಡಿ! ಕಿವಿಯಲ್ಲಿ ಗುಂಯ್ ಎಂದಿತು, ಕಣ್ಣಲ್ಲಿ, ಮೂಗಿನಲ್ಲಿ ನೀರು ಸುರಿಯಿತು. ಹಳ್ಳಕ್ಕೆ ಓಡಿ ಬೊಗಸೆ ಬೊಗಸೆ ನೀರು ಕುಡಿದ. ಕುಡಿದಷ್ಟೂ ಉರಿ ಬಾಯಿತುಂಬ ಹರಡಿತು. ಹೊಟ್ಟೆ ಗಡಿಗೆಯ ಹಾಗೆ ಉಬ್ಬಿಸಿಕೊಂಡು, ನಾಲಿಗೆ ಹೊರಚಾಚಿಕೊಂಡು ಮನೆಗೆ ಬಂದ.

"ಎರಡು ತಿಂದ್ಯಾ? ಒಂದ ಉಳಿತಾ?" ಫಕೀರವ್ವ ಬಾಯಿ ಬಾಯಿ ಬಡಿದುಕೊಂಡಳು. "ಮ್ಯಾಲ ನೀರು ಬ್ಯಾರೆ ಕುಡದ್ಯಾ? ಉರಿಗೆ ಯಾರರೆ ನೀರು ಹಾಕ್ತಾರೇನೋ ಖೋಡಿ! ಉರಿಗೆ ಮೊಸರು! ಮೊಸರು ಹಾಕಿದ್ರ ಉರಿ ತಣ್ಣಗಾಗತೈತಿ."

"ಮೊದಲ ಹೇಳಬಾರದೇನ ಯವ್ವಾ! ಇನ್ನ ಮ್ಯಾಲ ಹಂಗ ಮಾಡತೀನಿ."

ಉಳಿದ ಒಂದೇ ಕಾಯಿಯನ್ನು ಅವ್ವ ಹೇಳಿದಂತೆ ನೆರಳಿನಲ್ಲಿ ಒಣಗಿಸಿದ, ಕೈಗೆ ಎಣ್ಣೆ ಹಚ್ಚಿಕೊಂಡು ಬೀಜ ಬಿಡಿಸಿದ, ಬೀಜವನ್ನು ಬೂದಿಯಲ್ಲಿ ಹೊರಳಿಸಿದ, ಒಡಕು ಗಡಿಗೆಯಲ್ಲಿ ಮಣ್ಣು ಗೊಬ್ಬರ ತುಂಬಿ ಬಿತ್ತಿದ.

"ಇನ್ನ ಕೆದಕಬ್ಯಾಡ" ಎಂದಳು ಅವ್ವ. "ಸಪ್ಪಂದು ಲಗೂನ ಹುಟ್ಟತೈತಿ. ಖಾರದ್ದು ತಡಾ ಮಾಡಿ ಬರತೈತಿ. ಬರೂತನಕ ಸುಮ್ಮನ ಕಾಯಬೇಕು."

ಅಡಿವೆಪ್ಪ ಗಡಿಗೆಯ ಮುಂದೆ ಕೂತು ಕಾಯುತ್ತಿದ್ದ. ಮಳೆ ಇನ್ನೂ ಹಿಡಿದಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ದ್ಯಾಮವ್ವ ಒಲೆಯ ಬೂದಿ ಚೆಲ್ಲಿದ್ದಳು, ಅದರೊಳಗೊಂದು ಕೆಂಡ ಇತ್ತು, ಗಾಳಿಗೆ ಹಾರಿ ಅವಳ ಮೇವಿನ ಬಣವೆಗೆ ಹತ್ತಿತು.

"ಉರಿ ಹತ್ತೇತ್ರಿ! ಉರಿ! ಯಾರರೆ ಓಡಿ ಬರ್ರಿ!" ಎಂದು ದ್ಯಾಮವ್ವ ಕೂಗಿದಳು.

ಅಡಿವೆಪ್ಪ ಜಿಗಿದೆದ್ದ. ಒಳಗೆ ಓಡಿದ. ನೆಲುವಿನ ಮೇಲಿದ್ದ ಮೊಸರಿನ ಗಡಿಗೆ ಇಳಿಸಿಕೊಂಡು ಬಂದ, ಬಣವೆಯ ಮೇಲೆ ಸುರಿದ. ಉರಿ ಆರಲಿಲ್ಲ. ದ್ಯಾಮವ್ವನ ಮನೆಯೊಳಗೇ ನುಗ್ಗಿ ಅವಳ ಮೊಸರಿನ ಗಡಿಗೆಯನ್ನೂ ತಂದ, ಅದನ್ನೂ ಸುರಿದ.

"ನೀರು ತಾರೋ ನಿನ್ನ ಬಾಯಿಗೆ ಮಣ್ಣ ಹಾಕಲಿ!"

"ನೀರು ಹಾಕಬಾರದು ಚಿಗವ್ವಾ! ನೀರು ಹಾಕಿದ್ರ ಉರಿ ಎಲ್ಲಾ ಕಡೆ ಹಬ್ಬತೈತಿ. ನಂಗ ಗೊತ್ತೈತಿ, ನಾ ತಿಂದೇನಿ."

ಓಣಿಯವರು ಕೊಡ ಹಿಡಿದು ಬಂದು ಆರಿಸಿದರು. ಬಣವೆಯ ಒಂದು ಮೂಲೆ ಸುಟ್ಟಿತು, ಎರಡು ಮನೆಯ ಮೊಸರು ಹೋಯಿತು. ಆ ದಿನ ದ್ಯಾಮವ್ವನ ಎಮ್ಮೆ ಮಾತ್ರ ಮೊಸರು ಹತ್ತಿದ ಮೇವನ್ನು ಬಹಳ ಪ್ರೀತಿಯಿಂದ ಮೇಯಿತಂತೆ.

ಫಕೀರವ್ವನಿಗೆ ತಲೆ ಎತ್ತದಂತಾಯಿತು. "ಅದು ಬಾಯಿ ಉರಿ, ಇದು ಬೆಂಕಿ ಉರಿ! ಇಂಥಾದ್ದು ಕಂಡ್ರ ನೀರು ಹಾಕಬೇಕು. ಒಂದ ಕೊಡಾ ಅಲ್ಲ, ಎರಡ ಕೊಡಾ ಅಲ್ಲ, ಕೊಡದ ಮ್ಯಾಲ ಕೊಡಾ, ಕೈ ನಿಲ್ಲಿಸಬಾರದು!"

"ಮೊದಲ ಹೇಳಬಾರದೇನ ಯವ್ವಾ! ಇನ್ನ ಮ್ಯಾಲ ಹಂಗ ಮಾಡತೀನಿ."

ಕಾದು ಕಾದು ಕೊನೆಗೊಂದು ದಿನ ಗಡಿಗೆಯಲ್ಲಿ ಮೊಳಕೆ ಎದ್ದವು. ಎರಡೆರಡು ಎಲೆಯ ಸಣ್ಣ ಸಸಿ, ಗಡಿಗೆಯ ತುಂಬ. ಫಕೀರವ್ವ ದೂರದಿಂದಲೇ ನೋಡಿ ಕಣ್ಣು ತುಂಬಿಕೊಂಡಳು. ಹೊಲಕ್ಕೆ ಹೊರಟವಳು ತಿರುಗಿ ಹೇಳಿದಳು, "ಅಡಿವೆಪ್ಪಾ, ಸಸಿಗೆ ನೀರು ಹಾಕಪಾ."

ಸಂಜೆ ಬಂದು ನೋಡಿದರೆ ಅಂಗಳವೆಲ್ಲ ಕೆಸರು. ಅಡಿವೆಪ್ಪ ಬೆವರು ಸುರಿಸುತ್ತ ಬಾವಿಯಿಂದ ಗಡಿಗೆಗೆ, ಗಡಿಗೆಯಿಂದ ಬಾವಿಗೆ ಓಡಾಡುತ್ತಿದ್ದ. ಸಸಿಗಳು ಗಟಾರದ ಕಡೆಗೆ ತೇಲಿ ಹೋಗಿದ್ದವು. ಗಡಿಗೆಯ ಅಂಚಿಗೆ ಅಂಟಿಕೊಂಡು ಒಂದು ಸಸಿ ನಿಂತಿತ್ತು. ಒಂದೇ ಒಂದು!

"ಕೈ ನಿಲ್ಲಿಸಿಲ್ಲ ಯವ್ವಾ. ಮುಂಜಾನಿಂದ ಊಟಾನೂ ಮಾಡಿಲ್ಲ."

"ನಿನ್ನ ಕೈ ಸೇದಿ ಹೋಗ್ಲಿ! ಸಸಿ ಏನ ಬಣವಿ ಅಂತ ತಿಳಿದ್ಯಾ? ಮೆಣಸಿನ ಗಿಡಕ್ಕ ನೀರು ಹೆಚ್ಚಾದ್ರ ಬೇರು ಕೊಳೀತಾವು. ಕೊಡೂಕಿಂತ ಮೊದಲ ಬೆರಳ ಇಟ್ಟು ನೋಡಬೇಕು. ಒಳಗ ಹಸಿ ಇದ್ರ ನೀರು ಕೊಡಬಾರದು, ನಾಳೆ ನೋಡಬೇಕು. ಒಣಗಿದ್ರ ಒಂದ ಚಂಬು, ಅಷ್ಟ!"

"ಮೊದಲ ಹೇಳಬಾರದೇನ ಯವ್ವಾ! ಇನ್ನ ಮ್ಯಾಲ ಹಂಗ ಮಾಡತೀನಿ."

ಹಾಗೇ ಮಾಡಿದ ಕೂಡ. ಇದೊಂದನ್ನು ಅವನ ಲೆಕ್ಕದಲ್ಲಿ ಬರೆಯಲೇಬೇಕು. ದಿನಾ ಮುಂಜಾನೆ ಎದ್ದು, ಗಡಿಗೆಯ ಮಣ್ಣಿನಲ್ಲಿ ಬೆರಳು ಇಳಿಸಿ ನೋಡಿ, ಹಸಿ ಇದ್ದರೆ ಸುಮ್ಮನಿದ್ದ, ಒಣಗಿದ್ದರೆ ಒಂದು ಚಂಬು ಹಾಕಿದ. ಮೆಣಸಿನ ಗಿಡಕ್ಕೆ ಇದಕ್ಕಿಂತ ಒಳ್ಳೆಯ ಆರೈಕೆ ಇಲ್ಲ. ಸಸ್ಯಶಾಸ್ತ್ರ ಓದಿದವಳು ನಾನು ಹೇಳುತ್ತಿದ್ದೇನೆ. ಆ ಒಂಟಿ ಸಸಿ ಮೊಣಕಾಲುದ್ದ ಬೆಳೆಯಿತು, ಬಿಳಿ ಹೂವು ಬಿಟ್ಟಿತು, ಚಳಿಗಾಲ ಕಳೆಯುವಷ್ಟರಲ್ಲಿ ಗಿಡದ ತುಂಬ ಕಾಯಿ ಮುಗಿಲನ್ನು ನೋಡುತ್ತ ನಿಂತವು.

ಒಂದು ಮಧ್ಯಾಹ್ನ ಅಡಿವೆಪ್ಪ ಹಣ್ಣಾದ ಒಂದು ಕಾಯಿಯನ್ನು ಹಿಸುಕಿ, ಒಳಗೆ ಬೀಜ ಬಲಿತಿದೆಯೇ ಎಂದು ನೋಡುತ್ತಿದ್ದ. ಆಗ ಬಾಗಿಲಿಗೆ ಬೀಗರು ಬಂದರು, ನಾಗವ್ವನ ಮಾವನಾಗುವ ಸಂಗನಬಸಪ್ಪನವರು. ಲಗ್ನದ ದಿನ ಮಾತಾಡಲು ಬಿಸಿಲಿನಲ್ಲಿ ನಡೆದು ಬಂದಿದ್ದರು. ಫಕೀರವ್ವ, ನಾಗವ್ವ ಇಬ್ಬರೂ ಹೊಲದಲ್ಲಿ.

"ತಮ್ಮಾ, ಬಾಯಿ ಆರಿ ಬಂದೇತಿ. ಕುಡಿಯಾಕ ಒಂದೀಟು ನೀರು ಕೊಡು."

"ಬಾಯಿ ತಗೀರಿ" ಎಂದ ಅಡಿವೆಪ್ಪ.

"ಯಾಕೋ?"

"ತಗೀರಿ ಅಂದ್ರ ತಗೀರಲ್ಲ."

ಮೇಲಿನಿಂದ ಸುರಿಯುತ್ತಾನೇನೋ ಎಂದು ಬೀಗರು ತಲೆ ಎತ್ತಿ ಬಾಯಿ ತೆರೆದರು. ಅಡಿವೆಪ್ಪ ತೋರುಬೆರಳನ್ನು ಬಾಯೊಳಗೆ ಇಳಿಸಿ, ನಾಲಿಗೆಯ ಮೇಲೊಮ್ಮೆ, ಕೆನ್ನೆಯ ಒಳಗೊಮ್ಮೆ ಆಡಿಸಿ, ಹೊರಗೆ ತೆಗೆದು ನೋಡಿದ.

"ಇನ್ನೂ ಹಸಿ ಐತ್ರೀ ಬೀಗರ. ಇವತ್ತ ನೀರು ಬ್ಯಾಡ. ನಾಳೆ ಮುಂಜಾನೆ ನೋಡೂಣು."

ಬೀಗರು ಏನೋ ಹೇಳಹೊರಟರು. ಆಗ ಕಾಯಿ ಹಿಸುಕಿದ ಬೆರಳಿನ ಖಾರ ಹತ್ತಿತು. ಸಂಗನಬಸಪ್ಪನವರು ಕಟ್ಟೆಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ, ಬೀದಿಯಿಂದ ದ್ಯಾಮವ್ವನ ಮನೆಗೆ ಓಡಿದರು. ದ್ಯಾಮವ್ವ ಮುಖ ನೋಡಿದ ಕೂಡಲೇ ಮಜ್ಜಿಗೆ ಕೊಟ್ಟಳು. ಏನಾಯಿತು ಎಂದು ಕೇಳಲಿಲ್ಲ.

ಫಕೀರವ್ವ ಸುದ್ದಿ ಕೇಳಿ ಓಡಿ ಬಂದವಳೇ ಬೀಗರ ಕಾಲಿಗೆ ಬಿದ್ದಳು. ಮದುವೆ ಮುರಿಯಿತೆಂದೇ ತಿಳಿದಿದ್ದಳು. ಸಂಗನಬಸಪ್ಪನವರು ಮೂರನೆಯ ಚೆರಿಗೆ ಮಜ್ಜಿಗೆ ಮುಗಿಸಿ, ಮೀಸೆ ಒರೆಸಿಕೊಂಡು ಹೇಳಿದರು:

"ಏಳ್ರಿ ಬೀಗತಿ. ನಿಮ್ಮ ಮಗನ ಸುದ್ದಿ ಬಿಡ್ರಿ. ಆ ಕಾಯಿ ಯಾವುದು? ಬೆರಳಿಗೆ ಹತ್ತಿದ್ದ ಇಷ್ಟ ಐತಿ ಅಂದ್ರ ಸಾರಿಗೆ ಬಿದ್ರ ಹೆಂಗಿರಬೇಡ! ಹುಡಿಗಿ ಉಡಿಯಾಗ ಆ ಬೀಜ ಬರಬೇಕು ನೋಡ್ರಿ. ಅದಿಲ್ಲದ ನಾವು ಬಂಡಿ ಹೂಡೂದಿಲ್ಲ."

ನಗುತ್ತಲೇ ಹೇಳಿದರು. ಆದರೆ ಫಕೀರವ್ವನಿಗೆ ನಗು ಬರಲಿಲ್ಲ. ಬೀಗರು ಹೋದ ಮೇಲೆ ಮಗನನ್ನು ಎದುರಿಗೆ ಕೂಡಿಸಿಕೊಂಡಳು.

"ಮನಿಗೆ ಬಂದವರ ಬಾಯಾಗ ಬೆರಳ ಇಡತಾರೇನೋ ಹುಚ್ಚಪ್ಯಾಲಿ! ಮನಿಗೆ ಯಾರರೆ ಬಂದ್ರ ಬರ್ರಿ ಅನಬೇಕು. ಕಂಬಳಿ ಹಾಸಬೇಕು, ನೀರು ಇಡಬೇಕು. ಮನ್ಯಾಗ ಛಲೋದು ಏನೈತೋ ಅದನ್ನ ತಂದು ನೀಡಬೇಕು. ಒಲ್ಲೆ ಅಂದ್ರೂ ಬಿಡಬಾರದು, ನಾಚಬ್ಯಾಡ್ರಿ ಅಂತ ಇನ್ನೊಂದು ನೀಡಬೇಕು. ಅದು ಮನಿತನದ ಲಕ್ಷಣ!"

"ಮೊದಲ ಹೇಳಬಾರದೇನ ಯವ್ವಾ! ಇನ್ನ ಮ್ಯಾಲ ಹಂಗ ಮಾಡತೀನಿ."

ಲಗ್ನ ಹತ್ತಿರ ಬಂತು. ಗಿಡದ ಕಾಯಿಗಳು ಹಣ್ಣಾಗಿ ಕೆಂಡದ ಹಾಗೆ ಹೊಳೆಯುತ್ತಿದ್ದವು. ಗಿಡ ಮಾತ್ರ ಬಳಲಿತ್ತು. ಎಲೆಯ ಅಂಚು ಮುದುಡಿಕೊಳ್ಳುತ್ತಿತ್ತು, ಮತ್ತೆ ಹೂ ಬಿಡುವಂತಿರಲಿಲ್ಲ. "ನಾಳೆ ಕಾಯಿ ಹರಿದು ಬಿಡು" ಎಂದು ಹೇಳಿ ತಾಯಿ ಮಗಳು ಬಳೆ ಇಡಿಸಿಕೊಳ್ಳಲು ಸಂತೆಗೆ ಹೋದರು.

ಸಂಜೆ ಬಂದು ನೋಡಿದರೆ ಗಿಡ ಬೋಳು.

ಅಂಗಳದ ಬೇವಿನ ಮರದ ಕೆಳಗೆ ಮನೆಯ ಒಳ್ಳೆಯ ಕಂಬಳಿ ಹಾಸಿತ್ತು. ಪಕ್ಕದಲ್ಲಿ ಚಂಬಿನಲ್ಲಿ ನೀರಿತ್ತು. ಮುತ್ತುಗದ ಎಲೆಗಳು ಸಾಲಾಗಿ ಹಾಕಿದ್ದವು, ಬರಿದಾಗಿದ್ದವು. ಅಡಿವೆಪ್ಪ ಕೈಕಟ್ಟಿಕೊಂಡು, ಹತ್ತು ಜನಕ್ಕೆ ಉಣಬಡಿಸಿದವನ ಹಾಗೆ ನಿಂತಿದ್ದ.

"ಯಾರ ಬಂದಿದ್ರೋ?" ಎಂದಳು ನಾಗವ್ವ.

"ಪಿಕಳಾರ ಬಂದಿದ್ವು ತಂಗಿ. ಭಾರಿ ಮನಿತನದಾವು, ತಲಿ ಮ್ಯಾಲ ರುಮಾಲ ಇದ್ದಂಗ ಜುಟ್ಟ ಐತಿ. ಗಿಡದ ಮ್ಯಾಲ ಬಂದು ಕುಂತ್ವು. ಬರ್ರಿ ಅಂದೆ. ಛಲೋದು ಏನೈತಿ ಮನ್ಯಾಗ ಅಂತ ನೋಡಿದೆ, ಇದ ಇತ್ತು, ಹರಿದು ನೀಡಿದೆ. ಖಾರ ಅಂತ ಒಂದರೆ ಅನಬೇಕಲ್ಲ! ಕಣ್ಣಾಗ ನೀರಿಲ್ಲ ಮೂಗಿನಾಗ ನೀರಿಲ್ಲ. ಮರದ ಮ್ಯಾಲ ಹೋಗಿ ಕುಂತ್ರೂ ನಾ ಬಿಡಲಿಲ್ಲ. ನಾಚಬ್ಯಾಡ್ರಿ ಅಂತ ಕರದು ಮತ್ತೊಮ್ಮೆ ನೀಡಿದೆ. ಕಡೀ ಕಾಯಿತನಕ ಉಂಡುವು!"

ಫಕೀರವ್ವ ಕಟ್ಟೆಯ ಮೇಲೆ ಕೂತಳು. ಹಣೆ ಬಡಿದುಕೊಳ್ಳಲಿಲ್ಲ. ಖೋಡಿ ಅನ್ನಲಿಲ್ಲ, ಹುಚ್ಚಪ್ಯಾಲಿ ಅನ್ನಲಿಲ್ಲ. ಬೋಳು ಗಿಡವನ್ನು ನೋಡುತ್ತ ಸುಮ್ಮನೆ ಕೂತಳು. ನಾಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು.

ಅಡಿವೆಪ್ಪ ಕಾದ. ಬೈಗುಳ ಬರಲಿಲ್ಲ. ಇನ್ನೂ ಸ್ವಲ್ಪ ಕಾದ. ಹುಟ್ಟಿದಾಗಿನಿಂದ ಅವನಿಗೆ ಹೀಗಾಗಿರಲಿಲ್ಲ. ಅವ್ವ ಬೈದರೆ ತಾನೇ ಮುಂದೆ ಏನು ಮಾಡಬೇಕೆಂದು ತಿಳಿಯುವುದು? ಬೈಯದಿದ್ದರೆ ನಿಂತಲ್ಲೇ ನಿಲ್ಲಬೇಕು.

"ಯವ್ವಾ, ಬೈಯಿ ಯವ್ವಾ" ಎಂದ ಮೆಲ್ಲಗೆ.

ಅವಳು ಸೆರಗು ಸರಿಮಾಡಿಕೊಂಡಳು, ಅಷ್ಟೇ.

"ಬೈಯೂದಿಲ್ಲಂದ್ರ ಹೋಗಲಿ. ಬಂದವರು ಉಂಡು ಎದ್ದ ಮ್ಯಾಲ ಏನ ಮಾಡಬೇಕು, ಅದನ್ನರೆ ಹೇಳು."

"ಏನ ಮಾಡತಾರ?" ಎಂದಳು ಫಕೀರವ್ವ, ಎಲ್ಲೋ ನೋಡುತ್ತ. "ಎಂಜಲಾ ಬಳದು ತಗೀತಾರ."

ಅಡಿವೆಪ್ಪನಿಗೆ ಜೀವ ಬಂತು. ಎಲೆ ತೆಗೆದ. ಕಂಬಳಿಯ ಮೇಲೆ ನೋಡಿದ. ಮರದ ಮೇಲೆ ಕೂತಿದ್ದ ಪಿಕಳಾರ ಹಕ್ಕಿಗಳು ಕಂಬಳಿಯ ತುಂಬ ಹಿಕ್ಕೆ ಹಾಕಿದ್ದವು. ಅದೂ ಎಂಜಲೇ ಎಂದುಕೊಂಡು, ಒಂದನ್ನೂ ಬಿಡದೆ ಮೊರಕ್ಕೆ ಬಳಿದು, ಅವ್ವನ ಮುಂದೆ ತಂದು ಹಿಡಿದ.

"ಇದನ್ನ ಎಲ್ಲಿ ಚೆಲ್ಲಲಿ ಯವ್ವಾ?"

ಫಕೀರವ್ವ ಮುಖ ತಿರುಗಿಸಹೊರಟವಳು ತಡೆದಳು. ಮೊರಕ್ಕೆ ಬಗ್ಗಿದಳು. ಹಿಕ್ಕೆಯಲ್ಲಿ ಚಪ್ಪಟೆ ಚಪ್ಪಟೆಯಾಗಿ, ಹಳದಿಯಾಗಿ, ಇಡಿ ಇಡಿಯಾಗಿ ಬೀಜ! ಹಕ್ಕಿಗೆ ಹಲ್ಲಿಲ್ಲ, ಬೀಜ ಅಗಿಯುವುದಿಲ್ಲ. ಅದರ ಬಾಯಿಗೆ ಮೆಣಸಿನ ಖಾರವೂ ಹತ್ತುವುದಿಲ್ಲ. ಹಣ್ಣು ತಿಂದು, ಬೀಜವನ್ನು ಇದ್ದ ಹಾಗೆಯೇ ಹಿಂದಿರುಗಿಸಿ ಹೋಗಿದ್ದವು.

"ಚೆಲ್ಲಬ್ಯಾಡೋ!" ಎಂದು ಫಕೀರವ್ವ ಕೂಗಿದ್ದು ಓಣಿಯ ಕೊನೆಗೆ ಕೇಳಿಸಿತು. "ನಾಗವ್ವಾ, ಬಾರ ಇಲ್ಲಿ! ಅಲ್ಲೇ ನಿಲ್ಲು ಅಡಿವೆಪ್ಪಾ, ಅಲುಗಾಡಬ್ಯಾಡ. ತಾಟಿನ್ಯಾಗ ನೀರು ತಗೋ. ಒಂದ ಚಂಬು ಸಾಕು! ಅದರಾಗ ಹಾಕು. ಮೆಲ್ಲಕ ತೊಳಿ. ತೇಲೂದು ಜೊಳ್ಳು, ಚೆಲ್ಲು. ಮುಳುಗೂದು ಗಟ್ಟಿ, ತಗಿ. ಬೂದಿ ಹಚ್ಚು. ನೆರಳಿನಾಗ ಹರವು."

ತಾನು ಕೈ ಹಚ್ಚುವಂತಿಲ್ಲ. ಆದ್ದರಿಂದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದೊಂದನ್ನೂ ಹೇಳಿದಳು. ಅವನು ಒಂದೊಂದನ್ನೂ ಮಾಡಿದ. ಒಂದೂ ತಪ್ಪಲಿಲ್ಲ. ಬೀಜ ಒಣಗಿದವು. ಅರಿವೆಯ ಚೂರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದ.

ಫಕೀರವ್ವ ಮಗನ ಬೆನ್ನು ಚಪ್ಪರಿಸಿದಳು. "ಭೇಷ್ ಮಗನ! ಹಕ್ಕಿ ಉಂಡು ಕೊಟ್ಟದ್ದು ಅಂದ್ರ ಬಂಗಾರ. ಹಕ್ಕಿ ಹೊಟ್ಟ್ಯಾಗಿಂದ ಬಂದದ್ದು ಎಂದೂ ಕೆಡೂದಿಲ್ಲ!"

ಅವಳು ಮಗನನ್ನು ಹೊಗಳಿದ್ದು ಅದೇ ಮೊದಲು. ಬೈಗುಳದ ಬೆನ್ನಿಗೆ ಬಂದ ಮಾತನ್ನೇ ಅಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದ ಅಡಿವೆಪ್ಪ, ಹೊಗಳಿಕೆಯ ಬೆನ್ನಿಗೆ ಬಂದದ್ದನ್ನು ಬಿಟ್ಟಾನೆಯೇ?

ಲಗ್ನವಾಯಿತು. ಊಟವಾಯಿತು. ಸಂಗನಬಸಪ್ಪನವರು ಹೊಸ ರೇಷ್ಮೆ ರುಮಾಲು ಸುತ್ತಿಕೊಂಡು ಬಂದಿದ್ದರು. ಅಡಿವೆಪ್ಪ ಹತ್ತಿರ ಬಂದಾಗಲೆಲ್ಲ ತುಟಿ ಬಿಗಿಹಿಡಿಯುತ್ತಿದ್ದರು, ನೀರು ಬೇಕಾದರೆ ತಾವೇ ಎದ್ದು ಹೋಗಿ ಕುಡಿಯುತ್ತಿದ್ದರು.

ಮುಂಜಾನೆಯೇ ಫಕೀರವ್ವ ಮಗನಿಗೆ ಹೇಳಿದ್ದಳು, "ಉಡಿ ಸಾಮಾನ ನೀನ ಅಣಿ ಮಾಡಪಾ. ಅಕ್ಕಿ, ಕೊಬ್ಬರಿ, ಬೆಲ್ಲ, ಉತ್ತತ್ತಿ ಎಲ್ಲಾ ಐತಿ. ಬೀಜ ಹೆಂಗ ಮಾಡಿದ್ದಿ, ಇದನ್ನೂ ಹಂಗ ಪಾಡಾಗಿ ಮಾಡು."

ಉಡಿ ತುಂಬುವ ಹೊತ್ತು ಬಂತು. ನಾಗವ್ವ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಳು, ಸೆರಗು ಒಡ್ಡಿದಳು. ಮುತ್ತೈದೆಯರು ಸುತ್ತ ನಿಂತರು. ಉಡಿ ಸಾಮಾನು ಎಲ್ಲಿ? ಇಲ್ಲ. ಅಡಿವೆಪ್ಪ ಎಲ್ಲಿ? ಬೇವಿನ ಮರದ ಕೆಳಗೆ. ಕಂಬಳಿ ಹಾಸಿಕೊಂಡು, ಪಕ್ಕದಲ್ಲಿ ಬರಿ ತಾಟು ಇಟ್ಟುಕೊಂಡು, ಮರವನ್ನೇ ನೋಡುತ್ತ ತಾಳ್ಮೆಯಿಂದ ಕಾಯುತ್ತಿದ್ದ.

"ಅಕ್ಕಿ ಎಲ್ಲೋ?"

"ಗುಬ್ಬಿ ಹೊಟ್ಟ್ಯಾಗ ಐತಿ ಯವ್ವಾ. ಬೆಲ್ಲ ಗೊರವಂಕ ತಿಂದಾವು. ಕೊಬ್ಬರಿ ಒಂದು ಕಾಗಿ ಒಯ್ದೇತಿ, ಅದು ಇನ್ನೂ ತಿರುಗಿ ಬಂದಿಲ್ಲ. ಜರಾ ತಡೀರಿ, ಎಲ್ಲಾ ಬಂಗಾರಾಗಿ ಬರತೈತಿ."

"ಬೀಜ?" ಎಂದಳು ಫಕೀರವ್ವ. "ಬೀಜಾನೂ ಹಾಕಿದ್ಯಾ?"

"ಬೀಜ ಯಾಕ ಹಾಕಲಿ ಯವ್ವಾ? ಅವು ಒಮ್ಮೆ ಬಂದಾವಲ್ಲ!"

ಜಂತಿಯಲ್ಲಿ ಬೀಜದ ಗಂಟು ಇದ್ದ ಹಾಗೆಯೇ ತೂಗುತ್ತಿತ್ತು. ಫಕೀರವ್ವ ಗೋಡೆ ಹಿಡಿದುಕೊಂಡು ಉಸಿರು ಬಿಟ್ಟಳು. ದ್ಯಾಮವ್ವ ತನ್ನ ಮನೆಯಿಂದ ಮೊರದ ತುಂಬ ಅಕ್ಕಿ, ಕೊಬ್ಬರಿ, ಬೆಲ್ಲ ತಂದಳು.

"ತಗೋ ಅಕ್ಕಾ. ಮೊಸರು ಹೋದ ಮನಿಂದ ಅಕ್ಕಿನೂ ಹೋಗಲಿ" ಎಂದು ನಕ್ಕಳು.

ಮುತ್ತೈದೆಯರು ಉಡಿ ತುಂಬಿದರು. ಕೊನೆಗೆ ಅಡಿವೆಪ್ಪ ಗಂಟು ಇಳಿಸಿ ಬಿಚ್ಚಿ, ತನ್ನ ಕೈಯಾರೆ ಬೆಳೆದ ಬೀಜವನ್ನು ತಂಗಿಯ ಉಡಿಗೆ ಹಾಕಿದ. ನಾಗವ್ವ ಅಣ್ಣನ ಕೈ ಹಿಡಿದುಕೊಂಡು ಅತ್ತಳು.

"ಅಳಬ್ಯಾಡ ತಂಗಿ. ಬೀಜ ಹಸಿ ಆಗತಾವು" ಎಂದ ಅಡಿವೆಪ್ಪ.

ಸೆರಗಿನ ಗಂಟು ಬಿಗಿದಾಯಿತು. ಬಂಡಿ ಹೂಡಿದರು, ಅದು ಹೊರಟಿತು. ಮುಂದೆ ಸಂಗನಬಸಪ್ಪನವರು, ಹಿಂದೆ ಗಂಡು, ಹೆಣ್ಣು. ಊರ ಮುಂದಿನ ಹಳ್ಳ ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು.

"ನಿಲ್ಲಿಸ್ರಿ! ಬಂಡಿ ನಿಲ್ಲಿಸ್ರಿ! ತಂಗೀ, ನಿನ್ನ ಅಕ್ಕಿ ಬಂತು!"

ಅಡಿವೆಪ್ಪ ಕಂಬಳಿಯನ್ನು ನಾಲ್ಕು ಮೂಲೆ ಸೇರಿಸಿ ಹಿಡಿದುಕೊಂಡು ಓಡಿ ಬರುತ್ತಿದ್ದ. ಬಂಡಿ ನಿಂತಿತು. ನಾಗವ್ವ ಅಣ್ಣನನ್ನು ಬಲ್ಲವಳು. ಉಡಿಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದು ಪಕ್ಕಕ್ಕೆ ಸರಿದಳು. ಸಂಗನಬಸಪ್ಪನವರು ಏನು ಬಂತೆಂದು ಬಗ್ಗಿ ನೋಡಿದರು. ಅಡಿವೆಪ್ಪ ಕಂಬಳಿ ಕೊಡವಿದ. ಬಂದದ್ದೆಲ್ಲ ಬೀಗರ ಹೊಸ ರೇಷ್ಮೆ ರುಮಾಲಿನ ಮೇಲೆ ಬಿತ್ತು.

ಅಡಿವೆಪ್ಪ ರುಮಾಲನ್ನು ಒಂದು ಸುತ್ತು ನೋಡಿದ. ಆಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದ.

"ಹಸಿ ಐತ್ರೀ ಬೀಗರ, ಇವತ್ತ ನೀರು ಬ್ಯಾಡ" ಎಂದ. "ತಲಿ ಕೆದಕಬ್ಯಾಡ್ರಿ. ದಿನಾ ಮುಂಜಾನೆ ಬೆರಳ ಇಟ್ಟು ನೋಡ್ರಿ, ಒಣಗಿದ್ರ ಒಂದ ಚಂಬು, ಅಷ್ಟ. ಲಗೂನ ಹುಟ್ಟಿದ್ರ ಸಪ್ಪಂದು. ತಡಾ ಆದ್ರ ಖಾರದ್ದು ಅಂತ ತಿಳಕೊಂಡು ಸುಮ್ಮನ ಕಾಯ್ರಿ."

ಹೀಗೆ ಹೇಳಿ, ಕಂಬಳಿ ಹೆಗಲ ಮೇಲೆ ಹಾಕಿಕೊಂಡು, ಒಂದು ಕೆಲಸ ಪಾಡಾಗಿ ಮುಗಿಸಿದವನ ಹಾಗೆ ಮನೆಯ ದಾರಿ ಹಿಡಿದ. ನಾಗವ್ವನ ಹಿತ್ತಲಿನಲ್ಲಿ ಮುಂದಿನ ವರ್ಷ ಮುಗಿಲುಕಾಯಿ ಬಿಟ್ಟಿತು. ಬೀಗರ ತಲೆಯ ಮೇಲೆ ಏನು ಬೆಳೆಯಿತೆಂದು ನನಗೆ ಕತೆ ಹೇಳಿದವರು ಹೇಳಲಿಲ್ಲ, ನಾನೂ ಬರೆದುಕೊಂಡಿಲ್ಲ.